ಬಾಸ್ ಗಿಟಾರಿಗೆ ಬೀಸುಕಲ್ಲಿನ ನಾದ

ಗೋಕಾಕದಲ್ಲಿ ನಾನು ಬಾಸ್ ಗಿಟಾರಿನ ದಪ್ಪ ತಂತಿ ಮೀಟಿದರೆ ಹುಕ್ಕೇರಿಯಲ್ಲಿ ಚಹಾದ ಬಸಿ ನಡುಗುತ್ತಿತ್ತು. ಸುಳ್ಳಲ್ಲ, ಬೇಕಾದರೆ ಆ ಬಸಿಯನ್ನೇ ಕೇಳಿ. ಹೊಸ ತಂತಿ, ಆಳೆತ್ತರದ ಸ್ಪೀಕರ್, ಕಾಲಲ್ಲಿ ಒತ್ತುವ ಪೆಡಲ್‌ಗಳ ಸಾಲು, ಇವಿಲ್ಲದೆ ನಾದವೇ ಇಲ್ಲ ಎಂದು ನಂಬಿದ್ದೆ.

ಮೂಡಲಗಿಯ ಒಂದು ಮದುವೆಗೆ ನಮ್ಮ ಆರ್ಕೆಸ್ಟ್ರಾ ಹೋಗಿತ್ತು. ಮದುಮಗಳ ಅಜ್ಜಿ ಮೊಮ್ಮಗಳಿಗಾಗಿ ಸೋಬಾನ ಪದ ಹಾಡಲು ಮೈಕ್ ಮುಂದೆ ಕುಳಿತರು. ನನ್ನಂಥವನ ಸಾಥ್ ಇಲ್ಲದಿದ್ದರೆ ಹೇಗೆ? ಶುರು ಮಾಡಿದೆ. ಅಜ್ಜಿಯ ದನಿ ನನ್ನ ಗುಡುಗಿನಡಿ ಮುಳುಗಿಹೋಯಿತು. ಮದುಮಗಳು ಪಾಪ, ಅಜ್ಜಿಯ ತುಟಿಯನ್ನೇ ನೋಡುತ್ತ ಕುಳಿತಳು.

ಅಜ್ಜಿ ಹಾಡು ನಿಲ್ಲಿಸಿದರು. "ತಮ್ಮಾ, ಬೀಸೂ ಕಲ್ಲಿನ ಮುಂದ ಕುಂತು ಹಾಡೂದು ಕೇಳೀಯೇನ?"

"ನಮ್ಮವ್ವ ಹಾಡತಿದ್ಲರಿ."

"ಕಲ್ಲು ಯಾವತ್ತರ ನಿಮ್ಮವ್ವನ ದನಿ ನುಂಗಿತ್ತೇನು? ತಳಕ ಗುರ್ರ್ ಅಂತಿತ್ತು, ಹಾಡು ಅದರ ಮ್ಯಾಲ ಕುಂತು ಹೋಗತಿತ್ತು. ಹಂಗ ಬಾರಸು."

ಪೆಡಲ್ ಬಂದ್ ಮಾಡಿದೆ, ಸ್ಪೀಕರಿನ ಸದ್ದು ಇಳಿಸಿದೆ. ಆದರೂ ಹೊಸ ತಂತಿ ಠಣ್ ಎನ್ನುತ್ತಿತ್ತು. ಕೊನೆಗೆ ಕಿಸೆಯ ಕರವಸ್ತ್ರ ಮಡಚಿ ತಂತಿಗಳ ಕೆಳಗೆ ತುರುಕಿ ಮೀಟಿದೆ. ಗುಮ್, ಗುಮ್ ಎಂದು ಮೆತ್ತಗೆ ತುಂಬಿಕೊಂಡು ಬಂತು. ಅಜ್ಜಿ ಹಾಡಿದರು. ಎಂಥ ದನಿ ಅಂತೀರಿ! ಹಿಂದೆ ಕುಳಿತ ಹೆಂಗಸರೆಲ್ಲ ಸೊಲ್ಲು ಹಿಡಿದರು, ಮದುಮಗಳು ಅಳುತ್ತಲೇ ನಕ್ಕಳು.

"ಈಗ ಹಿಟ್ಟು ಸಣ್ಣಗ ಬಿತ್ತು ನೋಡ," ಎಂದರು ಅಜ್ಜಿ.

ಈಗಿನ ಗಿಟಾರಿನವರು, "ಕಾಕಾ, ಈ ನಾದ ಬರೂದು ಯಾವ ಮಷಿನ್‌ದಾಗರಿ?" ಎಂದು ಕೇಳುತ್ತಾರೆ. "ಇಡೀ ಜಗತ್ತಿನ್ಯಾಗ ಒಂದ ಪೀಸ್ ಐತಿ," ಎನ್ನುತ್ತೇನೆ. ಆ ಪೀಸನ್ನು ನನ್ನ ಹೆಂಡತಿ ವಾರಕ್ಕೊಮ್ಮೆ ಸಾಬೂನು ಹಚ್ಚಿ ತೊಳೆದು ಹಗ್ಗದ ಮೇಲೆ ಒಣಹಾಕುತ್ತಾಳೆ.