ಮೂರು ಕಾಲಿಗೆ ಕಟ್ಟಿದ ಭಾರ

ಗಾಳಿ ಕೆಡವಲಿಲ್ಲ, ನಾನು ಕೆಡವಿದೆ. ಮನೆಯಲ್ಲಿ ಎಲ್ಲರೂ ಕಪ್ಪತಗುಡ್ಡದ ಗಾಳಿಯನ್ನು ಬೈದರು. ಗಾಳಿಗೆ ಬೈಗುಳ ತಾಗುವುದಿಲ್ಲ, ತಾಗಿದ್ದು ನನ್ನ ಮೊಮ್ಮಗಳು ಸವಿತಾಳಿಗೆ.

ಸವಿತಾ ಗದಗಿನ ಕಾಲೇಜಿನಲ್ಲಿ ಗಿಡಮರಗಳ ವಿದ್ಯೆ ಓದುತ್ತಾಳೆ. ಮೊದಲ ಮಳೆ ಬಿದ್ದ ಮೇಲೆ ನಾಲ್ಕೇ ದಿನ ಗುಡ್ಡದಲ್ಲಿ ಅರಳುವ ಒಂದು ಬಿಳಿ ಹೂವಿದೆ. ಅದರ ಚಿತ್ರ ತೆಗೆದು ತಾ ಎಂದು ಅವಳ ಮಾಸ್ತರರು ಕಾಲೇಜಿನ ಕ್ಯಾಮೆರಾ ಕೊಟ್ಟಿದ್ದರು. ಚಿತ್ರ ನೆಟ್ಟಗೆ ಬಂದರೆ, ವರ್ಷವಿಡೀ ಗುಡ್ಡ ತಿರುಗಿ ಗಿಡ ಗುರುತಿಸುವ ತಂಡಕ್ಕೆ ಅವಳನ್ನೂ ಸೇರಿಸಿಕೊಳ್ಳುವ ಮಾತಾಗಿತ್ತು. ಆ ಹುಡುಗಿ ಬೇರೆ ಯಾವುದಕ್ಕೂ ಹಾಗೆ ಆಸೆಪಟ್ಟದ್ದನ್ನು ನಾನು ಕಂಡಿಲ್ಲ. ಆದರೆ ಹೂ ಅರಳುವುದು ಬೆಳಗಿನ ಮಬ್ಬಿನಲ್ಲಿ. ಆ ಬೆಳಕಿನಲ್ಲಿ ಕ್ಯಾಮೆರಾ ಕೈಯಲ್ಲಿ ಹಿಡಿದರೆ ಚಿತ್ರ ಕಲಸಿಹೋಗುತ್ತದಂತೆ. ಅದಕ್ಕೆ ಮೂರು ಕಾಲಿನ ಸ್ಟ್ಯಾಂಡು ಬೇಕು. ಟ್ರೈಪಾಡ್ ಎನ್ನುತ್ತಾರೆ.

ಕೊಳ್ಳಲು ನಾನೂ ಹೋದೆ. ನನ್ನನ್ನು ಬಿಟ್ಟು ನಮ್ಮ ಮನೆಗೆ ಒಂದು ಪೊರಕೆಯೂ ಬರುವುದಿಲ್ಲ. ಅಂಗಡಿಯವನು ಒನಕೆಯಂಥದೊಂದನ್ನು ತಂದಿಟ್ಟ.

“ಇದ ಒಯ್ಯಿರಿ ಅಮ್ಮಾರ, ಆನಿ ಒದ್ದರೂ ಬೀಳಂಗಿಲ್ಲ.”

“ಗುಡ್ಡದಾಗ ಆನಿ ಎಲ್ಲೈತಿ? ಇದನ್ನ ಹೊತ್ತು ಹುಡುಗಿ ಹತ್ತಬೇಕೋ, ಹುಡುಗಿನ್ನ ಹೊತ್ತು ಇದ ಹತ್ತತೈತೋ?”

ಸವಿತಾ ನನ್ನ ಸೆರಗು ಜಗ್ಗಿದಳು. “ಆಯಿ, ಹಗೂರದ್ದ ಸಾಕು. ನಡುವ ಕೊಕ್ಕಿ ಐತಿ ನೋಡು. ಅದಕ್ಕ ಭಾರ ಕಟ್ಟಿದ್ರ ಅಲ್ಲಾಡಂಗಿಲ್ಲ.”

ಹಗುರಾದವುಗಳನ್ನೆಲ್ಲ ನಿಲ್ಲಿಸಿ, ಸಂತೆಯಲ್ಲಿ ಮಂಚ ನೋಡುವವಳ ಹಾಗೆ ಒಂದೊಂದರ ನೆತ್ತಿಯ ಮೇಲೂ ಅಂಗೈ ಒತ್ತಿ ತಿರುವಿದೆ. ಒಂದರ ಕೀಲು ಗೊಣಗಿತು. ಇನ್ನೊಂದರ ಕಾಲು ಕಬ್ಬಿನ ಹಾಗೆ ಗಣ್ಣೇ ಗಣ್ಣು, ಒಂದೊಂದು ಗಣ್ಣೂ ಒಂದೊಂದು ಸಡಿಲ. ಕಡಿಮೆ ಗಣ್ಣಿನದನ್ನು ಆರಿಸಿದೆ. ಆಯ್ಕೆ ತಪ್ಪಾಗಿರಲಿಲ್ಲ, ಈಗಲೂ ಹಾಗೆಯೇ ಹೇಳುತ್ತೇನೆ.

ಮೂರು ಕಾಲಿನ ವಿಷಯದಲ್ಲಿ ನನಗೊಂದು ಸೊಕ್ಕು. ಕಣದಲ್ಲಿ ಜೋಳದ ರಾಶಿ ತೂರುವಾಗ ಮೂರು ಕಾಲಿನ ಎತ್ತರದ ಮಣೆಯ ಮೇಲೆ ಎಷ್ಟು ವರ್ಷ ನಿಂತಿಲ್ಲ? ತಲೆಯ ಮೇಲೆ ಬುಟ್ಟಿ ಎತ್ತಿ, ಗಾಳಿಯನ್ನು ಬಾ ಬಾ ಎಂದು ಕರೆದವಳು ನಾನು. ನಾಲ್ಕು ಕಾಲಿನ ಮಂಚ ಹಳ್ಳತಿಟ್ಟಿನಲ್ಲಿ ಕುಂಟುತ್ತದೆ. ಮೂರು ಕಾಲು ಎಲ್ಲಿಟ್ಟರೂ ನೆಲ ಹುಡುಕಿಕೊಳ್ಳುತ್ತದೆ. ಹಾಗಾಗಿ, ಹೂವಿನ ಕೊನೆಯ ದಿನ ಬೆಳಗಿನ ಮಬ್ಬಿನಲ್ಲಿ ಗುಡ್ಡ ಹತ್ತಿದಾಗ, ಅಲ್ಲಿ ಯಜಮಾನಿಕೆ ನನ್ನದೇ. ಇಳಿಜಾರಿನ ಕಡೆಗೆ ಎರಡು ಕಾಲು ಇಡಿಸಿದೆ, ನಡುವಿನ ಕೋಲು ಮೇಲೆತ್ತಬೇಡ ಎಂದೆ.

ಇನ್ನು ಭಾರ ಕಟ್ಟುವುದು. ಸವಿತಾ ಕಲ್ಲು ತರಲು ಬಗ್ಗಿದಳು. ಅಲ್ಲಿದ್ದ ಕಲ್ಲುಗಳೆಲ್ಲ ಒಂದರ ಮೇಲೊಂದು ಕೂತಿದ್ದವು. ಮನೆ ಆಗಲಿ ಎಂದು ಬೇಡಿಕೊಂಡು ಗುಡ್ಡ ಹತ್ತಿದವರು ಪೇರಿಸಿಟ್ಟು ಹೋದ ಪುಟ್ಟ ಪುಟ್ಟ ಮನೆಗಳು.

“ಮುಟ್ಟಬ್ಯಾಡ ಲೇ, ಮಂದಿ ಮನಿ ಅವು.”

“ಆಯಿ, ನೀನ ಅಲ್ಲೇನು, ಕಲ್ಲು ಪೇರಿಸಿದ್ರ ಮನಿ ಆಗತೈತೇನು ಅಂತ ನಗಾಕಿ?”

“ನಗತೀನಿ. ಕೆಡವಂಗಿಲ್ಲ.”

ನಾನೂ ಒಮ್ಮೆ ಐದು ಕಲ್ಲು ಪೇರಿಸಿದ್ದೆ. ಮನೆ ಆಯಿತು, ಸೋರುತ್ತದೆ. ಅದು ಬೇರೆ ಮಾತು. ಕಲ್ಲಿನ ಬದಲು ನಮ್ಮ ಬುತ್ತಿಯ ಚೀಲವನ್ನೇ ಕೊಕ್ಕೆಗೆ ಹಾಕಿದೆವು. ರೊಟ್ಟಿ, ನಂಚಿಕೊಳ್ಳಲು ಹಿಂಡಿ, ದೊಡ್ಡ ನೀರಿನ ಕ್ಯಾನು. ಚೀಲ ತೂಗಾಡಬಾರದೆಂದು ಅದರ ತಳ ನೆಲಕ್ಕೆ ತಾಗುವ ಹಾಗೆ ಸವಿತಾ ಹಗ್ಗ ಬಿಗಿದಳು. ಸ್ಟ್ಯಾಂಡು ನೆಟ್ಟ ಗೂಟದ ಹಾಗೆ ನಿಂತಿತು.

ಕ್ಯಾಮೆರಾ ತಾನೇ ಒತ್ತಿಕೊಳ್ಳುವಂತೆ ಮಾಡಿ, ಅವಳು ಹೂವಿನ ಆಚೆ ಹೋಗಿ, ನನಗೆ ಬೆನ್ನು ಹಾಕಿ, ಗಾಳಿಗೆ ಅಡ್ಡವಾಗಿ ಓಢಣಿ ಹಿಡಿದಳು. ನನಗೆ ನೀರಡಿಕೆ ಆಗಿತ್ತು. ಅಷ್ಟೇ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ಚೀಲದಿಂದ ಕ್ಯಾನು ಎತ್ತಿಕೊಂಡೆ. ಒಂದು ಗುಟುಕು ಇಳಿಯುವುದರೊಳಗೆ ಗಾಳಿ ಬಂತು, ಮೂರೂ ಕಾಲು ಎದ್ದವು, ಕ್ಯಾಮೆರಾ ಬಂಡೆಯ ಮೇಲೆ ಮುಖ ಕೆಳಗಾಗಿ ಬಿತ್ತು. ಅವಳು ತಿರುಗುವ ಹೊತ್ತಿಗೆ ಕ್ಯಾನು ನೆಲದ ಮೇಲಿತ್ತು. ಅದನ್ನು ಇಟ್ಟದ್ದೂ ನಾನೇ.

“ಏನಾತು?”

“ಗಾಳಿ,” ಎಂದೆ.

ಕ್ಯಾಮೆರಾದ ಗಾಜು ಒಡೆದದ್ದನ್ನು ಸವಿತಾ ಮಾಸ್ತರರಿಗೆ ತಿಳಿಸಿದ್ದಳು, ಮಧ್ಯಾಹ್ನ ಅವರ ಫೋನು ಬಂತು. “ಜ್ವಾಕಿ ಇಲ್ಲದವರ ಕೈಯಾಗ ಸಾಮಾನ ಕೊಡಾಕ ಬರಂಗಿಲ್ಲವಾ. ತಂಡಕ್ಕ ಬ್ಯಾರೆಯವರನ್ನ ನೋಡ್ತೀನಿ.” ಸವಿತಾ “ಹೂನ್ರಿ ಸರ್” ಎಂದಳು, ಮತ್ತೊಮ್ಮೆ “ಹೂನ್ರಿ” ಎಂದಳು. ಆಮೇಲೆ ನನ್ನ ಪಕ್ಕ ಬಂದು ಕೂತು, “ಹೋಗ್ಲಿ ಬಿಡು ಆಯಿ, ಗಾಳಿಗಿ ನೀನರ ಏನ್ ಮಾಡ್ತಿ?” ಎಂದು ನನಗೇ ಸಮಾಧಾನ ಹೇಳಿದಳು.

ಕಂಡವರ ಮುಖದ ಮೇಲೆ ಖರೆ ಮಾತು ಎಸೆದು ಹೆಸರು ಮಾಡಿದವಳು ನಾನು. ಅವೆಲ್ಲ ಬೇರೆಯವರ ತಪ್ಪುಗಳು, ಎಸೆಯಲು ಹಗುರ. ನನ್ನದೊಂದು ಬಂದಾಗ ನಾಲಿಗೆ ಏಳಲಿಲ್ಲ. ಹೇಳಿದರೂ ಏನು? ಒಡೆದ ಗಾಜು ಕೂಡುವುದಿಲ್ಲ. ಹೂವಿನ ನಾಲ್ಕು ದಿನ ಮುಗಿದವು, ಮುಂದಿನ ವರ್ಷದ ಮಳೆಗೆ ನಾನಿರುತ್ತೇನೋ ಇಲ್ಲವೋ. ಒಮ್ಮೆ ಬೇರೆಯವರಿಗೆ ಹೋದ ಜಾಗ ಹಿಂದಕ್ಕೆ ಬರುವುದನ್ನು ನಾನಂತೂ ನೋಡಿಲ್ಲ. ಈ ವಯಸ್ಸಿನಲ್ಲಿ ಒಪ್ಪಿಕೊಂಡರೆ ಯಾರಿಗೂ ಲಾಭವಿಲ್ಲ, ಮುಚ್ಚಿಟ್ಟರೆ ಅನ್ನ ಇಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಮುಂಡರಗಿಯಿಂದ ಗದಗಿಗೆ ಹೋಗುವ ಮೊದಲ ಬಸ್ಸು ಹತ್ತಿದೆ. ಕಾಲೇಜಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಕಟ್ಟೆಯ ಮೇಲೆ ಕೂತೆ. ಕೀಲಿಕೈ ಹಿಡಿದು ಬಂದ ಸಿಪಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರ ಬೇಕಾಗಿತ್ರಿ ಯವ್ವಾ? ಯಾರ ಬಂದಾರಂತ ಹೇಳಲಿ?” ಎಂದ.

“ಗಿಡದ ಮಾಸ್ತರಿಗೆ ಹೇಳಪಾ,” ಎಂದೆ, “ಕ್ಯಾಮೆರಾ ಒಡದಾಕಿ ಬಂದು ಕುಂತಾಳ ಅಂತ.”