ವಾರ್ಡಿಗೆ ಕುರಿ ನುಗ್ಗಿದ ಮಧ್ಯಾಹ್ನ

ನಮ್ಮ ಕಾಕಾ ಮಸಗುಪ್ಪಿಯಲ್ಲಿ ಕುರಿ ಸಾಕಿಕೊಂಡಿರುವವರು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಅವರನ್ನು ಗೋಕಾಕಿನ ದವಾಖಾನೆಗೆ ಸೇರಿಸಿದೆವು. ನಿಡಸೋಸಿಯ ಕಾಲೇಜಿನಲ್ಲಿ ಪಾಠ ಹೇಳುವ ನಾನು ರಜೆ ಹಾಕಿ, ಅವರ ಹೆಂಡತಿ ಕಾಕೂನ ಜೊತೆ ಮಂಚದ ಪಕ್ಕ ಕುಳಿತೆ.

ಸೇರಿಸಿಕೊಳ್ಳುವಾಗಲೇ ಡಾಕ್ಟರಮ್ಮ ಕುಡಿಯುವ ಅಭ್ಯಾಸ ಇದೆಯೇ ಎಂದು ಕೇಳಿದ್ದರು. ಕಾಕಾ ಮನಸ್ಸಿಗೆ ನೋವಾದವರಂತೆ ಮುಖ ಮಾಡಿ, ಚಹಾ ಬಿಟ್ಟರೆ ತಮಗೆ ಬೇರೇನೂ ಗೊತ್ತಿಲ್ಲ ಎಂದರು. ಕಾಕೂ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಮದುವೆ ಮುಂಜಿಗಳಲ್ಲಿ ಸ್ವಲ್ಪ ತೆಗೆದುಕೊಳ್ಳುತ್ತಾರೆ ಎಂಬುದಷ್ಟೇ ನನಗೆ ಗೊತ್ತಿತ್ತು.

ಒಂದೆರಡು ದಿನ ಕಳೆಯುವಷ್ಟರಲ್ಲಿ ಕಾಕಾನ ಕೈ ನಡುಗತೊಡಗಿತು. ಕಪ್ಪು ಬಾಯಿಗೆ ಮುಟ್ಟುವ ಹೊತ್ತಿಗೆ ಅರ್ಧ ಚಹಾವನ್ನು ಅಂಗಿಯೇ ಕುಡಿದಿರುತ್ತಿತ್ತು. ಮೈಯೆಲ್ಲ ಬೆವರು, ನಿದ್ದೆಯಿಲ್ಲ. ನೋಡಲು ಬಂದ ಬೀಗರೊಬ್ಬರು, ಬಿದ್ದ ಜಾಗ ಸರಿಯಿಲ್ಲ, ಏನೋ ಮೆಟ್ಟಿಕೊಂಡಿದೆ ಎಂದು ತೀರ್ಪು ಕೊಟ್ಟು, ನಾವು ತಂದಿದ್ದ ಬಾಳೆಹಣ್ಣು ತಿಂದು ಹೋದರು.

ಅಂದು ಮಧ್ಯಾಹ್ನ ವಾರ್ಡಿಗೆ ಕುರಿ ನುಗ್ಗಿದವು. ಕಾಕಾನ ಕಣ್ಣಿಗೆ ಮಾತ್ರ. ಅವರು ಎದ್ದು ಕುಳಿತು ಸಿಳ್ಳೆ ಹಾಕಿದರು, ಸಲೈನ್ ಸ್ಟ್ಯಾಂಡನ್ನು ಬಡಿಗೆಯಂತೆ ಹಿಡಿದರು.

“ತಂಗಿ, ಬಾಗಲಾ ಹಾಕ. ಹೊಳಿ ಕಡೆ ಹೊಂಟಾವ,” ಎಂದು ನನಗೆ ಹೇಳಿದರು. ಓಡಿಬಂದ ನರ್ಸನ್ನು ಯಾವುದೋ ಹೊಲದ ಒಡತಿ ಎಂದುಕೊಂಡು, ಕುರಿ ಮೇಯಿಸಲು ವಿನಯದಿಂದ ಅಪ್ಪಣೆ ಕೇಳಿದರು.

ಪಕ್ಕದ ಮಂಚದಲ್ಲಿ ದಡ್ಡಿ ಎಂಬ ಊರಿನ ಮುದುಕರೊಬ್ಬರು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಹೊತ್ತು ಹೋಗದೆ ಮಲಗಿದ್ದರು. ಅವರಿಗೆ ಇದು ಹಬ್ಬವಾಯಿತು. “ಒಂದ ಮರಿ ನನ್ನ ಕಾಟಿನ ಬುಡಕ ಐತಿ ನೋಡ್ರಿ,” ಎಂದರು. ಕಾಕಾ ಮುರಿದ ಕಾಲಿನಲ್ಲೇ ಇಳಿಯಲು ಹೊರಟರು. ನಾನೂ ನರ್ಸೂ ಒಂದೊಂದು ತೋಳು ಹಿಡಿದೆವು. ಮುದುಕರು ನಕ್ಕು ನಕ್ಕು ಹೊಲಿಗೆ ಎಳೆದಂತಾಗಿ ಹೊಟ್ಟೆ ಹಿಡಿದುಕೊಂಡರು.

ಡಾಕ್ಟರಮ್ಮ ಬಂದು ನಾಡಿ ಹಿಡಿದು ನೋಡಿ, ಕಾಕೂನ ಕಡೆ ತಿರುಗಿದರು. “ಖರೆ ಹೇಳ್ರಿ ಅಕ್ಕಾರ. ಮುಚ್ಚಿಟ್ರ ಇವ್ರ ಜೀವಕ್ಕ ಕುತ್ತ ಬರತೈತಿ.”

ಕಾಕೂ ಸೆರಗು ಸರಿಮಾಡಿಕೊಂಡಳು. “ಇವ್ರು ಕುರಿ ಕಾಯಾಕ ಒಯ್ಯೂ ಥರ್ಮಾಸಿನ್ಯಾಗ ಇರೂದು ಚಹಾ ಅಲ್ರಿ. ಮುಂಜಾನೆ ಎದ್ದಕೂಡ್ಲೇ ಅದು ಹೊಟ್ಟಿಗೆ ಬೀಳಲಿಲ್ಲಂದ್ರ ಕೈಯಾಗ ಬಡಿಗಿ ನಿಲ್ಲೂದಿಲ್ಲ.”

ವರ್ಷಗಟ್ಟಲೆ ದಿನವೂ ಕುಡಿದ ಮೈಗೆ ಒಮ್ಮೆಲೇ ಸಿಗದೆ ಹೋದರೆ ಮಿದುಳು ಹೀಗೆ ಕೆರಳುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಸಾಯಲೂಬಹುದು ಎಂದು ಡಾಕ್ಟರಮ್ಮ ವಿವರಿಸಿದರು. ಮುದುಕರೂ ನಗು ನಿಲ್ಲಿಸಿದರು. ಮೊದಲು ವಿಟಮಿನ್ ಇಂಜೆಕ್ಷನ್, ಜೊತೆಗೆ ಮಿದುಳನ್ನು ಶಾಂತಗೊಳಿಸುವ ಔಷಧ. ಆ ಔಷಧದ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತ ಬಂದರು. ಕುರಿಗಳು ಒಂದೊಂದಾಗಿ ವಾರ್ಡು ಬಿಟ್ಟವು.

ಕಾಕಾ ಪೂರ್ತಿ ತಿಳಿಯಾದ ಮೇಲೆ ಡಾಕ್ಟರಮ್ಮ ಮತ್ತೆ ಅದೇ ಪ್ರಶ್ನೆ ಕೇಳಿದರು. ಕಾಕಾ ಸುತ್ತಲೂ ಒಮ್ಮೆ ನೋಡಿದರು. “ವಾರ್ಡಿಗೆಲ್ಲಾ ಗೊತ್ತಾಗೇತಿ. ಇನ್ನ ನಾ ಒಬ್ಬಾವ ಇಲ್ಲ ಅಂದ್ರ ಛಲೋ ಕಾಣತೈತೇನ್ರಿ?”

ಕಾಲು ಕೂಡಿಕೊಂಡ ಮೇಲೂ ಗುಳಿಗೆ, ಸಮಾಲೋಚನೆ ಮುಂದುವರಿದವು. ನಡುವೆ ಹುಕ್ಕೇರಿಯ ಒಂದು ಮದುವೆಯಲ್ಲಿ ಮನಸ್ಸು ಜಾರಿ ಮತ್ತೆ ಕುಡಿದರು. ಮರುದಿನ ಕಾಕೂ ಬಾಯಿ ತೆರೆಯುವ ಮೊದಲೇ ತಾವೇ ಹೋಗಿ ಡಾಕ್ಟರಮ್ಮನ ಮುಂದೆ ಕುಳಿತರು. ಆಮೇಲೆ ಮುಟ್ಟಿಲ್ಲ.

ಈಗ ಊರಲ್ಲಿ ಯಾರಾದರೂ ನಿನ್ನೆಯಿಂದ ಕುಡಿಯುವುದನ್ನು ಬಿಟ್ಟೆ ಎಂದು ಎದೆ ಉಬ್ಬಿಸಿದರೆ, ಕಾಕಾ ಭೇಷ್ ಎನ್ನುವುದಿಲ್ಲ. ದೊಡ್ಡ ಡಾಕ್ಟರರ ಗತ್ತಿನಲ್ಲಿ ಎರಡೂ ಕೈ ಚಾಚಲು ಹೇಳುತ್ತಾರೆ. ಬೆರಳು ನಡುಗಿದರೆ ಬೈಕಿನ ಹಿಂದೆ ಕೂರಿಸಿಕೊಂಡು ಸೀದಾ ಹತ್ತಿರದ ಮೂಡಲಗಿ ದವಾಖಾನೆಗೆ ಹೊರಡುತ್ತಾರೆ.