ಬಡಿಸುವವರನ್ನು ಕೂರಿಸಿದ ವಿಘ್ನೇಶ್ವರಣ್ಣ

“ಆಯಿ, ವಿಘ್ನೇಶ್ವರ ಮಾವನ್ನ ಉಂಬ್ಲೆ ಯಾರೂ ಎಂತಕ್ಕೆ ಕರೀತ್ವಿಲ್ಲೆ?”

ಕಳೆದ ವೈಶಾಖದಲ್ಲಿ ಶಿರಸಿಯ ಒಂದು ಕಲ್ಯಾಣಮಂಟಪದಲ್ಲಿ ಉಪನಯನದ ಊಟಕ್ಕೆ ಕೂತಾಗ ನನ್ನ ಮಗಳು ಅಭಿಜ್ಞಾ ಕೇಳಿದ ಮಾತು ಇದು. ಅವಳಿಗೆ ಐದು ವರ್ಷ. ಅವಳು ಬೆರಳು ಮಾಡಿದ ಕಡೆ ಅವತ್ತಿನ ಊಟ ವಹಿಸಿಕೊಂಡ ನಮ್ಮ ಪಕ್ಕದ ಮನೆಯ ವಿಘ್ನೇಶ್ವರ ಭಟ್ಟ ಅಡಿಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಿದ್ದ. ಕಣ್ಣು ಮಾತ್ರ ಎಲೆಯಿಂದ ಎಲೆಗೆ ಓಡುತ್ತಿತ್ತು.

“ಅವ ಕೆಲಸಕ್ಕೆ ಬಂದಿದ್ದ ಮಗಾ.”

“ಕೆಲಸಕ್ಕೆ ಬಂದವು ಉಣ್ತ್ವಿಲ್ಯಾ?”

“ಉಣ್ತ. ಕಡೆಗೆ.”

“ಅವಂಗೆ ಬಡಿಸದು ಯಾರು?”

ಮಜ್ಜಿಗೆ ಬಂತು ನೋಡು ಎಂದು ಮಾತು ತಿರುಗಿಸಿದೆ. ಮನೆಗೆ ಬಂದ ಮೇಲೂ ಅವಳ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಈಗ ಆರು ತಿಂಗಳ ಮೇಲೆ, ಇಷ್ಟೆಲ್ಲ ನಡೆದ ಮೇಲೆ, ಅವನ ಬಗ್ಗೆ ಒಂದು ಕಡೆ ನೇರವಾಗಿ ಬರೆದಿಡೋಣ ಎನ್ನಿಸಿತು.

ನನ್ನ ತವರು ಯಲ್ಲಾಪುರ ತಾಲೂಕು. ಮದುವೆಯಾಗಿ ಸಿದ್ದಾಪುರ ತಾಲೂಕಿಗೆ, ನಿಲ್ಕುಂದದ ರಸ್ತೆಯ ಈ ಕೇರಿಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ಬಂದ ವಾರದಲ್ಲೇ ವಿಘ್ನೇಶ್ವರಣ್ಣನ ಅಂಗಳದಲ್ಲಿ ಒಂದು ವಿಚಿತ್ರ ನೋಡಿದೆ. ನೆಲದ ಮೇಲೆ ಹಳೆಯ ಪೇಪರಿನ ಹಾಳೆಗಳನ್ನು ಸಾಲಾಗಿ ಹಾಸಿದ್ದರು. ಪ್ರತಿ ಹಾಳೆಯ ಮುಂದೆಯೂ ಅವನ ಹೆಂಡತಿ ಸೀತಕ್ಕ ಒಂದೊಂದು ಸಲ ಕೂತು ಎದ್ದು ಮುಂದಕ್ಕೆ ಸರಿಯುತ್ತಿದ್ದಳು. ಇಡೀ ಪಂಕ್ತಿಯ ನೆಂಟರೆಲ್ಲ ಅವಳೊಬ್ಬಳೇ. ಏಳೆಂಟು ಹುಡುಗರು ಬಕೆಟ್ಟಿನಲ್ಲಿ ಮರಳು ತುಂಬಿಕೊಂಡು ಸೌಟಿನಿಂದ ಅವಳಿಗೆ ಬಡಿಸುತ್ತಿದ್ದರು.

“ಒತ್ತಾಯ ಮಾಡಡಿ! ಬೇಕಾ ಹೇಳಿ ಒಂದೇ ಸಲ ಕೇಳಿ, ಮುಂದೆ ಹೋಗಿ. ನಿಂಗ ಮಾತಾಡ್ತಾ ನಿಂತ್ರೆ ಹಿಂದಿನವನ ಅನ್ನ ಆರ್ತು,” ಎಂದು ವಿಘ್ನೇಶ್ವರಣ್ಣ ಕೂಗುತ್ತಿದ್ದ.

“ಯಂಗೆ ಮರಳು ಸಾಕು ಮಾರಾಯಾ, ಸೊಂಟ ಬಿದ್ದೋತು,” ಎಂದಳು ಸೀತಕ್ಕ.

ಅದರ ಹಿಂದಿನ ಕತೆ ನನಗೆ ಅತ್ತೆ ಹೇಳಿದ್ದು. ನಮ್ಮಲ್ಲಿ ಮದುವೆ ಮುಂಜಿ ಎಂದರೆ ಅಡಿಗೆಗೆ ಭಟ್ಟರು, ಬಡಿಸುವುದಕ್ಕೆ ಕೇರಿ. ಮನೆಯವರು ಕರೆಯಲು ಬಂದಾಗಲೇ “ಬಡಿಸಲೆ ಬರವು”, ಬಡಿಸಲು ಬರಬೇಕು, ಎಂದು ಒಂದು ಮಾತು ಹೆಚ್ಚಿಗೆ ಹೇಳಿ ಹೋಗುವರು. ಮುಂಚಿನ ದಿನವೇ ಹೋಗಿ ತರಕಾರಿ ಹೆಚ್ಚುವುದು, ಮರುದಿನ ಗಂಡಸರು ಪಂಚೆ ಎತ್ತಿ ಕಟ್ಟಿ, ಹೆಂಗಸರು ಸೆರಗು ಸಿಕ್ಕಿಸಿ ಸಾಲಿಗೆ ಇಳಿಯುವುದು. ಇವತ್ತು ನಾನು ನಿಮ್ಮಲ್ಲಿ, ನಾಳೆ ನೀವು ನಮ್ಮಲ್ಲಿ. ಅದಕ್ಕೊಂದು ಹೆಸರು ಕೂಡ ಇರಲಿಲ್ಲ. ಅಡಿಗೆಗೆ ಇಳಿಯುವ ಮೊದಲು ವಿಘ್ನೇಶ್ವರಣ್ಣ ಬಡಿಸುವುದರಲ್ಲಿಯೇ ಹೆಸರುವಾಸಿಯಂತೆ. ಹೋಳಿಗೆ ಹಿಡಿದು ಬಂದನೆಂದರೆ ಮುದುಕರು ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಕೂರುತ್ತಿದ್ದರಂತೆ. “ಭಾವಯ್ಯ, ಕೈ ತೆಗೆಯದಿದ್ರೆ ಕೈಮೇಲೇ ಹಾಕ್ತೆ, ತುಪ್ಪ ಬಿಸಿ ಇದ್ದು!”

ತೊಂಬತ್ತೆಂಟರಲ್ಲಿ ದೊಡ್ಮನೆ ಕಡೆಯ ಒಂದು ಮದುವೆಗೆ ಅವನದೇ ಅಡಿಗೆ. ಬಡಿಸಬೇಕಾದ ಕೇರಿಯ ಗಂಡಸರು ತಮ್ಮ ಊಟ ಮುಗಿಸಿ ಹಿತ್ತಲಲ್ಲಿ ಇಸ್ಪೀಟಿಗೆ ಕೂತರು. ತಡವಾಗಿ ಬಂದ ಗಂಡಿನ ಕಡೆಯವರ ಪಂಕ್ತಿಗೆ ಅನ್ನ ಬಿತ್ತು, ಸಾಂಬಾರು ಬರಲಿಲ್ಲ. ಮನೆಯ ಯಜಮಾನ ಇಸ್ಪೀಟಿನವರಿಗೆ ಏನೂ ಹೇಳಲಿಲ್ಲ, ಅವರು ನೆರೆಯವರು. ಅಡಿಗೆಯವನನ್ನು ಎಲ್ಲರೆದುರು ಕರೆದು, “ನಿನ್ನ ಸಾಂಬಾರು ಒಲೆ ಮೇಲೇ ಇರಲಿ, ಮನೆಗೆ ತಗಂಡು ಹೋಗಿ ನೀನೇ ಉಣ್ಣು,” ಎಂದ. ಅವತ್ತು ಹುಟ್ಟಿದ್ದು ಈ ಮರಳಿನ ಊಟ, ಸಂಬಳದ ಹುಡುಗರಿಗೆ ಬಡಿಸುವ ತಾಲೀಮು. ಬಡಿಸುವುದೂ ನನ್ನದೇ ಜವಾಬ್ದಾರಿ ಎಂದು ಹೇಳುವ ಅಡಿಗೆಯವನು ಆ ಕಾಲಕ್ಕೆ ಈ ಸುತ್ತಿನಲ್ಲಿ ಬೇರೆ ಇರಲಿಲ್ಲ.

ಬಿಳಿ ಅಂಗಿ, ನೀಲಿ ಟೊಪ್ಪಿ ಹಾಕಿದ ಹುಡುಗರನ್ನು ಮೊದಲ ಸಲ ಕಂಡಾಗ ಜನ ನಕ್ಕರು. ಎದುರುಮನೆಯ ಮಂಜಪ್ಪ ಹೆಗಡೆಯವರಂತೂ ಎಲೆಯ ಮುಂದಿನಿಂದಲೇ, “ಟಿಕೆಟ್ ಕೊಡಿ ಕಂಡಕ್ಟರೇ, ಪಾಯಸದವರೆಗೆ ಒಂದು!” ಎಂದರು. ಆದರೆ ಸಾಂಬಾರು ಬಿಸಿಯಿತ್ತು, ಕಡೆಯ ಪಂಕ್ತಿಗೂ ಬಂತು.

ಎರಡು ಸಾವಿರದ ಇಸವಿಯಲ್ಲಿ ರವೀಂದ್ರ ಸರ್ ಬಂದರು. ಬನವಾಸಿ ಕಡೆಯವರು, ಶಿರಸಿಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಿದ್ದರು. ನಮ್ಮ ಮೂರು ತಾಲೂಕಿನ ಸಣ್ಣ ಉದ್ಯಮಿಗಳ ವ್ಯಾಪಾರ ತಂತ್ರ, ಸೇವೆಯ ಗುಣಮಟ್ಟ ಎಂದು ಪಿಎಚ್.ಡಿ. ಮಾಡುತ್ತಿದ್ದರು. ಹೆಂಗಸರು ಪರಗಂಡಸಿನೆದುರು ಬಾಯಿ ಬಿಡದ ಕಾರಣ ಬಿ.ಕಾಂ. ಓದಿದ ನನ್ನನ್ನು ಜೊತೆಗೆ ಕರೆದುಕೊಂಡರು. ಮನೆಮನೆ ತಿರುಗಿದೆವು. ಊಟ ಹೊತ್ತಿಗೆ ಸರಿಯಾಗಿ ಬಂತೇ, ಬಡಿಸುವವರು ಶುಚಿಯಾಗಿದ್ದರೇ, ಐದರಲ್ಲಿ ಎಷ್ಟು ಅಂಕ? ನಮ್ಮತ್ತೆ ಒಂದನ್ನೂ ಪೂರ್ತಿ ಕೇಳಲಿಲ್ಲ. “ಐದಕ್ಕೆ ಐದೂ ಹಾಕು, ಪಾಪ, ನಮ್ಮ ಗಂಟೇನು ಹೋಗ್ತು?” ಎಂದರು. ಎಲ್ಲ ಮನೆಯಲ್ಲೂ ಹೆಚ್ಚು ಕಡಿಮೆ ಹಾಗೆಯೇ. ಸುಳ್ಳೇನಲ್ಲ, ಅವನ ಕೆಲಸ ಚೆನ್ನಾಗಿಯೇ ಇತ್ತು.

ಎಲ್ಲ ಮುಗಿದ ಮೇಲೆ ಅವನ ಮನೆಯ ಜಗಲಿಯಲ್ಲಿ ಕೂತು ರವೀಂದ್ರ ಸರ್ ಕೇಳಿದರು: “ಭಟ್ರ, ನಿಮಗ ಪೈಪೋಟಿ ಯಾರ್ರಿ?”

“ಯಾರೂ ಇಲ್ಲ ಸರ್. ಸಿದ್ದಾಪುರದಲ್ಲಿ ಒಬ್ಬ ಇದ್ದಾನೆ, ಅವನ ಸಾಂಬಾರು ಅವನ ಮನೆಯವರೂ ಉಣ್ಣೂದಿಲ್ಲ.”

“ತಪ್ಪ ತಿಳಕೊಂಡೀರಿ. ನಿಮ್ಮ ಪೈಪೋಟಿ ಅಂದ್ರ ಆಜೂಬಾಜೂ ಮನಿಯವರು. ಅವರು ಪುಕ್ಕಟೆ ಬಡಸ್ತಾರ. ಪುಕ್ಕಟೆ ಮಾಡೋರು ಇರೂತನಕ ನಿಮ್ಮದು ಬೆಳಿಯೂದಿಲ್ಲ. ಹಂಗಂತ ಬಯ್ಯಬ್ಯಾಡ್ರಿ, ದೂಡಬ್ಯಾಡ್ರಿ. ಕೈಮುಗಿದು ಕೂಡಸ್ರಿ. ಮೊದಲನೇ ಪಂಕ್ತಿಗೇ ಕೂಡಸ್ರಿ. ಒಮ್ಮೆ ಕುಂತವರು ಮತ್ತ ಏಳೂದಿಲ್ಲ.”

ವಿಘ್ನೇಶ್ವರಣ್ಣ ತೊಡೆ ತಟ್ಟಿಕೊಂಡು ನಕ್ಕ. ಯಾರೂ ಕಾಣದ್ದನ್ನು ತನಗೆ ತೋರಿಸಿಕೊಟ್ಟರು ಎನ್ನುವ ನಗೆ. ನನಗೂ ಆಗ ಅದು ಬುದ್ಧಿವಂತ ಮಾತು ಎಂದೇ ಅನ್ನಿಸಿತ್ತು.

ಮುಂದಿನ ಮದುವೆಯಿಂದಲೇ ಶುರುಮಾಡಿದ. ಬಡಿಸಲು ಬಂದ ನೆರೆಯವರ ಕೈಯಿಂದ ಬಕೆಟ್ ಇಸಿದುಕೊಂಡು, “ಇವತ್ತು ನಿಂಗ ನೆಂಟರು. ಕೂತ್ಗಳಿ,” ಎನ್ನುತ್ತಿದ್ದ. ಒಂದೆರಡು ಸಲ ಜನ ಸಂಕೋಚಪಟ್ಟರು, ಆಮೇಲೆ ಅವರಾಗಿಯೇ ಕೂತರು. ಯಾಕೆ ಕೂರಬಾರದು? ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಅಭಿಜ್ಞಾ ಮೂರು ತಿಂಗಳ ಕೂಸಾಗಿದ್ದಾಗ ಅವಳನ್ನು ಮಡಿಲಲ್ಲಿಟ್ಟುಕೊಂಡು ಬಿಸಿ ಊಟ ಉಂಡಿದ್ದೇನೆ, ಯಾರೂ ಏಳು ಎನ್ನಲಿಲ್ಲ. ಬಸುರಿ ಬಾಣಂತಿಯರೆನ್ನದೆ ಸೌಟು ಹಿಡಿಸಿದ ಕಾಲವನ್ನು ನಮ್ಮತ್ತೆ ಕಂಡವರು. ಆ ಸುಖಕ್ಕೆ ಬೆಲೆಯಿಲ್ಲ ಎಂದು ನಾನು ಹೇಳುವುದಿಲ್ಲ.

ಅವನ ಕೆಲಸ ಬೆಳೆಯಿತು. ಶಿರಸಿಯ ಮಂಟಪಗಳು, ಸಿದ್ದಾಪುರ, ಸೋಂದೆ. ಹೆಸರು ಬರೆಸಿದ ಒಂದು ವ್ಯಾನು. ರವೀಂದ್ರ ಸರ್ ಡಾಕ್ಟರೇಟ್ ಪಡೆದು ಪೇಡಾ ತಂದು ಕೊಟ್ಟು ಹೋದರು. ಅವರ ಪ್ರಬಂಧದಲ್ಲಿ ಇವನ ಮೇಲೆಯೇ ಒಂದು ಅಧ್ಯಾಯವಂತೆ, ಆದರೆ ಹೆಸರು ಹಾಕುವ ರೂಢಿ ಇಲ್ಲವಂತೆ.

ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆದಿತ್ತು. ತರಕಾರಿ ಹೆಚ್ಚುವುದೂ ಅವನ ಹುಡುಗರಿಗೇ ಹೋದ ಮೇಲೆ ಮುಂಚಿನ ದಿನ ಯಾರೂ ಯಾರ ಮನೆಗೂ ಹೋಗುವುದು ಉಳಿಯಲಿಲ್ಲ. ಮುಹೂರ್ತದ ಹೊತ್ತಿಗೆ ಬಂದು, ಉಂಡು, ಮಧ್ಯಾಹ್ನದ ಬಸ್ಸು ಹಿಡಿಯುವುದು. ವಿಘ್ನೇಶ್ವರಣ್ಣನ ಮನೆಗೆ ಕರೆಯಲು ಬರುವುದೂ ನಿಂತಿತು. ಫೋನು ಮಾಡಿ, ಇಂಥ ತಾರೀಕು ಖಾಲಿ ಇದೆಯಾ ಎಂದು ಕೇಳುವರು. “ನೀ ಹೆಂಗೂ ಬತ್ಯಲ” ಎನ್ನುವರು. ಸೀತಕ್ಕನನ್ನು ಕರೆಯಬೇಕೆಂದು ಎಷ್ಟೋ ಜನಕ್ಕೆ ನೆನಪೇ ಆಗುತ್ತಿರಲಿಲ್ಲ.

ಈ ಶ್ರಾವಣದಲ್ಲಿ ಅವನ ಒಬ್ಬಳೇ ಮಗಳು ನಾಗವೇಣಿಗೆ ಸೋಂದೆಯ ಹುಡುಗ ಸುಹಾಸ ಗೊತ್ತಾದ. ಮಾತುಕತೆಯೆಲ್ಲ ಮುಗಿದು ಎಲೆಯಡಿಕೆ ಹಾಕುವಾಗ ಹುಡುಗನ ದೊಡ್ಡಪ್ಪ ಹೇಳಿದರು: “ಒಂದೇ ಮಾತು ಭಟ್ರೇ. ನಿಂಗಳ ಟೊಪ್ಪಿ ಹುಡ್ರು ಬೇರೆ ಕಡೆಗೆ ಇರ್ಲಿ. ನಮ್ಮ ದಿಬ್ಬಣಕ್ಕೆ ಬಡಿಸದು ನಿಂಗಳ ಕೇರಿಯವೇ ಆಗವು. ಕೂಸು ಎಂಥ ಜನರ ಮಧ್ಯ ಬೆಳದ್ದು ಹೇಳಿ ನಂಗಕ್ಕೂ ಕಾಣವು.”

“ಅದೆಂತ ದೊಡ್ಡ ವಿಷಯ,” ಎಂದ ವಿಘ್ನೇಶ್ವರಣ್ಣ.

ದೀಪಾವಳಿ ಕಳೆದ ಮೇಲೆ ಕರೆಯಲು ಹೊರಟ. ಹಳೆಯ ಪದ್ಧತಿಯಂತೆ ಒಂದೊಂದು ಮನೆಗೂ ಹೋಗಿ ಕುಂಕುಮ ಕೊಟ್ಟು, “ಬಡಿಸಲೆ ಬರವು” ಎಂದ. ಯಾರೂ ಇಲ್ಲ ಎನ್ನಲಿಲ್ಲ. ನಮ್ಮ ಕಡೆ ಎದುರಿಗೆ ಇಲ್ಲ ಎನ್ನುವ ರೂಢಿಯಿಲ್ಲ. “ನೋಡನ” ಎಂದರು. ಹಾಗೆಂದರೆ ಏನು ಎಂದು ಅವನಿಗೂ ಗೊತ್ತು. ಮಂಜಪ್ಪ ಹೆಗಡೆಯವರ ಜಗಲಿಗೆ ಅವನು ಹೋದಾಗ ನಾನು ಅಲ್ಲಿಯೇ ಇದ್ದೆ, ಹಾಲಿನ ಡೈರಿಯ ವಿಚಾರಕ್ಕೆ ಹೋದವಳು.

“ಯಂಗಕ್ಕೆ ಟೊಪ್ಪಿ ಯಾವ ಬಣ್ಣದ್ದು ತಮಾ?” ಎಂದರು ಅವರು.

“ಹಂಗೆಲ್ಲ ಅನ್ನಡಿ ಮಂಜಪ್ಪಣ್ಣ. ನಾಗವೇಣಿ ನಿಂಗಳ ಕಣ್ಣೆದುರೇ ಬೆಳದ್ದು.”

“ಹೌದು. ಯನ್ನ ಸಣ್ಣ ಮಗನೂ ನಿನ್ನ ಕಣ್ಣೆದುರೇ ಬೆಳದ್ದ. ಅವನ ಮದ್ವೆಲಿ ಆನು ಸಾಂಬಾರು ಹಿಡದು ನಿಂತಾಗ ಕೂತ್ಗಳಿ ಹೇಳಿದವ ನೀನೇ. ಮರುದಿನ ನೀ ಬಿಲ್ಲು ಕೊಟ್ಟೆ, ಆನು ದುಡ್ಡು ಕೊಟ್ಟಿದ್ದಿ. ಯಂಗಳ ನಡುವೆ ಬಾಕಿ ಎಂತೂ ಇಲ್ಯಲ? ಕೂರ್ಸಿದವ ನೀನು, ಈಗ ಏಳು ಹೇಳ್ತೆ. ಮೊಳಕಾಲು ಬಗ್ಗತಿಲ್ಲೆ ಮಾರಾಯ.”

ನಕ್ಕುಕೊಂಡೇ ಅಂದದ್ದು. ಕಾಫಿಯೂ ಕೊಟ್ಟರು. ವಿಘ್ನೇಶ್ವರಣ್ಣ ಅವರ ಮೊಮ್ಮಗ ಸಂದೇಶನ ಕಡೆ ತಿರುಗಿದ.

“ನೀ ಆದ್ರೂ ಬಾರಾ ಅಪಿ.”

“ಬಪ್ಪಲೆ ಅಡ್ಡಿಲ್ಲೆ ಮಾವ,” ಎಂದ ಹುಡುಗ ನಿಜವಾದ ಸಂಕಟದಿಂದ. “ಆದ್ರೆ ಎಲೆಲಿ ಉಪ್ಪು ಯಾವ ಬದಿಗೆ ಹಾಕದು ಹೇಳೇ ಗೊತ್ತಿಲ್ಲೆ.”

ಅವನಿಗೆ ಹದಿನೆಂಟು. ಬುದ್ಧಿ ಬಂದಾಗಿನಿಂದ ಅವನು ಒಂದು ಪಂಕ್ತಿಗೂ ಬಡಿಸಿದವನಲ್ಲ. ಮಂಜಪ್ಪ ಹೆಗಡೆಯವರ ಮಾತಿಗಿಂತ ಇದು ವಿಘ್ನೇಶ್ವರಣ್ಣನಿಗೆ ಹೆಚ್ಚು ತಾಗಿತು. ಕಾಫಿ ಅರ್ಧ ಬಿಟ್ಟು ಎದ್ದ.

ಸೀತಕ್ಕನಿಗೆ ಇದೊಂದೂ ತಿಳಿಯದು. ಬಡಿಸಲು ಬರುವ ಹೆಂಗಸರಿಗೆ ಕೊಡಲೆಂದು ಅವಳು ಶಿರಸಿಯಿಂದ ರವಿಕೆ ಕಣ ತರಿಸಿ, ಯಾರಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನನ್ನನ್ನೇ ಕೂರಿಸಿಕೊಂಡು ಆರಿಸಿದಳು. “ಇಷ್ಟ್ ವರ್ಷದ ಮೇಲೆ ನಮ್ಮನೆಗೆ ಎಲ್ಲಾ ಬತ್ತ ಕೂಸೆ,” ಎಂದಳು. ನಾನು ಹಸಿರು ಕಣದ ಅಂಚು ನೋಡುತ್ತ ಕೂತೆ.

ಬೇರೆ ದಾರಿ ಕಾಣದೆ ಅವನು ರವೀಂದ್ರ ಸರ್ ಹತ್ತಿರ ಹೋಗಿಬಂದ. ಅವರೀಗ ದೊಡ್ಡ ಹುದ್ದೆಯಲ್ಲಿದ್ದಾರೆ. ಕೂರಿಸಿ, ಚಹಾ ತರಿಸಿ, ಸಮಾಧಾನದಿಂದ ಕೇಳಿದರಂತೆ. ಅವರಂದ ಮಾತನ್ನು ಅವನು ನನಗೆ ಅವರದೇ ಧಾಟಿಯಲ್ಲಿ ಹೇಳಿದ: “ಭಟ್ರ, ಗುಣಮಟ್ಟ ಅಂದ್ರ ಏನ್ರಿ? ಗಿರಾಕಿಗೆ ಏನ ಕಾಣತದೋ ಅದ ಗುಣಮಟ್ಟ. ಬೀಗರಿಗೆ ಕೇರಿಯವರು ಬಡಿಸಿದಂಗ ಕಂಡ್ರ ಆತಲ್ರಿ? ಟೊಪಗಿ ತಗಸ್ರಿ, ಪಂಚೆ ಉಡಸ್ರಿ.”

ಇದನ್ನು ಅವನು ನನಗೆ ಹೇಳಿದ್ದು ನಿನ್ನೆ ಮಧ್ಯಾಹ್ನ, ನಮ್ಮ ಹಿತ್ತಲ ಕಟ್ಟೆಯ ಹತ್ತಿರ ನಿಂತು. ಮದುವೆಗೆ ಇನ್ನು ಒಂದು ವಾರ. ನಾನು ಅಭಿಜ್ಞಾಳ ತಲೆಗೆ ಎಣ್ಣೆ ಹಾಕುತ್ತಿದ್ದೆ.

“ಕೂತ್ಗ ವಿಘ್ನೇಶ್ವರಣ್ಣ.”

“ಕೂತ್ರೆ ಹೇಳಲಾಗ್ತಿಲ್ಲೆ ತಂಗಿ.”

“ಆನು ಬತ್ತೆ. ನಮ್ಮನೆಯವ್ವೂ ಬತ್ತ. ಅತ್ತೆ ಉಪ್ಪು, ಉಪ್ಪಿನಕಾಯಿ ಬಡಿಸ್ತು.”

“ಮೂರು ಜನರಲ್ಲಿ ದಿಬ್ಬಣದ ಪಂಕ್ತಿ ಸಾಗ್ತಿಲ್ಲೆ. ಯಂಗೆ ಗೊತ್ತಿದ್ದಷ್ಟು ಇದು ಇನ್ಯಾರಿಗೂ ಗೊತ್ತಿಲ್ಲೆ.”

“ಹಾಂಗಾರೆ ಸೋಂದೆಯವಕ್ಕೆ ಇದ್ದದ್ದು ಇದ್ದಾಂಗೆ ಹೇಳಿಬಿಡು. ಅವೂ ಮನುಷ್ಯರೇ ಅಲ್ದಾ?”

“ಹೇಳಲಕ್ಕು. ಯನ್ನ ಮರ್ಯಾದೆ ಹೋದ್ರೆ ಹೋತು. ಆದ್ರೆ ನಾಗವೇಣಿ ಆ ಮನೇಲಿ ಬದುಕವು. ನಾಳೆ ಎಂತಾದ್ರೂ ಮಾತು ಬಂದಾಗ, ನಿನ್ನ ಅಪ್ಪಂಗೆ ಒಂದು ಸೌಟು ಹಿಡಿಯಲೆ ಕೇರಿಲಿ ಜನ ಇಲ್ಲೆ ಹೇಳಿ ಅಂದ್ರೆ, ಅದು ಎಂತ ಉತ್ತರ ಕೊಡ್ತು?”

ಅಭಿಜ್ಞಾ ತಲೆ ಅಲ್ಲಾಡಿಸಿದಳು, ಎಣ್ಣೆ ಕಣ್ಣಿಗೆ ಇಳಿಯಿತೆಂದು ಅತ್ತಳು. ಒರೆಸಿ, ಒಳಗೆ ಅಜ್ಜಿಯ ಹತ್ತಿರ ಕಳಿಸಿದೆ. ಅವಳು ಹೋಗುವವರೆಗೂ ಅವನು ಕಾದ.

“ಯನ್ನ ಹುಡ್ರನ್ನ ಸೋಂದೆಲಿ ಎಲ್ಲಾ ಗುರುತು ಹಿಡೀತ. ಅದಕ್ಕೇ ಯಲ್ಲಾಪುರದ ಒಬ್ಬ ಕಾಂಟ್ರಾಕ್ಟರನ ಹುಡ್ರನ್ನ ಬಡಿಸಲೆ ಗೊತ್ತು ಮಾಡಿದ್ದಿ. ಅವು ಪಂಚೆ ಉಟ್ಟು ಬತ್ತ. ಒತ್ತಾಯ ಮಾಡಲೂ ಹೇಳಿಕೊಟ್ಟಿದ್ದಿ. ಈ ಕಡೆಲಿ ಅವರ ಮುಖ ಯಾರೂ ನೋಡಿದ್ವಿಲ್ಲೆ.”

“ಸೀತಕ್ಕಂಗೆ?”

“ಹೇಳಿದ್ನಿಲ್ಲೆ.” ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಸುಮ್ಮನೆ ಎರಡು ಸಲ ಕೊಡವಿದ. “ನಿನ್ನ ತವರು ಯಲ್ಲಾಪುರ ಅಲ್ದಾ ತಂಗಿ? ಇಷ್ಟು ಮಾಡು. ಯಾರಾದ್ರೂ ಕೇಳಿರೆ, ಸೋಂದೆಯವಾಗ್ಲಿ, ಸೀತೆಯಾಗ್ಲಿ, ಅವೆಲ್ಲ ಯನ್ನ ತವರಿನ ಅಣ್ತಮ್ಮಂದಿರು, ಪ್ರೀತಿಗೆ ಬಂದಿದ್ದ ಹೇಳಿ ಹೇಳು.”